ನಿಯಂತ್ರಣ ತಪ್ಪಿದ್ದು ಯಾವಾಗ?

ಕನ್ನಡ ಪತ್ರಿಕೆಗಳಲ್ಲಿ ಅತಿ ಹೆಚ್ಚು ಸಲ ಅಚ್ಚಾದ ವಾಕ್ಯಗಳ ಪಟ್ಟಿ ಮಾಡಿದರೆ ‘ಚಾಲಕನ ನಿಯಂತ್ರಣ ತಪ್ಪಿ ಕಾರು ಪಲ್ಟಿಯಾದ ಪರಿಣಾಮ’ ಎಂಬುದಕ್ಕೆ ಮೊದಲ ಹತ್ತರಲ್ಲಿ ಜಾಗ ಸಿಗುತ್ತದೆಂದು ನನ್ನ ಅಂದಾಜು. ಮದ್ದೂರಿನ ಬಳಿ, ಚನ್ನಪಟ್ಟಣದ ಬಳಿ, ಶ್ರೀರಂಗಪಟ್ಟಣದ ಬಳಿ ಎಂದು ಊರು ಬದಲಾಗುತ್ತದೆ. ಸತ್ತವರ ಹೆಸರು, ವಯಸ್ಸು ಬದಲಾಗುತ್ತವೆ. ವಾಕ್ಯ ಮಾತ್ರ ಹಾಗೇ ಇರುತ್ತದೆ. ಅದರ ವ್ಯಾಕರಣವನ್ನು ಒಮ್ಮೆ ಗಮನಿಸಿ. ಅಲ್ಲಿ ಯಾರೂ ಏನೂ ಮಾಡುವುದಿಲ್ಲ. ನಿಯಂತ್ರಣವೇ ಕರ್ತೃ. ಹಗ್ಗ ಬಿಚ್ಚಿಕೊಂಡ ಹಸುವಿನ ಹಾಗೆ ಅದು ತಾನಾಗಿಯೇ ತಪ್ಪಿಸಿಕೊಂಡು ಹೋಗುತ್ತದೆ. ಇದರ ಮೇಲೆ ‘ಜವರಾಯನ ಅಟ್ಟಹಾಸ’ ಎಂಬ ತಲೆಬರಹ ಕೂರಿಸಿಬಿಟ್ಟರೆ ಎಲ್ಲರ ಕೈಯೂ ಶುದ್ಧ.

ಈ ವಾಕ್ಯ ಸುಳ್ಳು ಎಂಬುದು ನನ್ನ ವಾದ. ಆ ಕಾರಿನ ನಿಯಂತ್ರಣ ತಪ್ಪಿದ್ದು ಡಿವೈಡರ್‌ಗೆ ಬಡಿಯುವ ಹಿಂದಿನ ಸೆಕೆಂಡಿನಲ್ಲಲ್ಲ. ಗಾಳಿ, ಟೈರು, ಬ್ರೇಕು ಈ ಮೂರೂ ಸೇರಿ ಕೊಟ್ಟಿದ್ದ ಮಿತಿಯನ್ನು ದಾಟಿದ ಹೊತ್ತಿಗೇ ಅದು ತಪ್ಪಿತ್ತು. ಕೆಲವು ಕಾರುಗಳಲ್ಲಿ ಮನೆಯ ಗೇಟು ದಾಟುವ ಮೊದಲೇ ತಪ್ಪಿರುತ್ತದೆ. ಜಗತ್ತಿನ ಅತಿ ವೇಗದ ಕಾರುಗಳು ವೇಗವಾಗಿ ಓಡುವುದು ಅವುಗಳನ್ನು ಕಟ್ಟಿದವರು ಹಿಡಿತವನ್ನು ಮೊದಲು ಕಟ್ಟಿದ್ದರಿಂದ. ನಾವು ಅವರಿಂದ ಎರವಲು ತಂದದ್ದು ಸ್ಪೀಡೋಮೀಟರಿನ ಮೇಲಿನ ಅಂಕಿಯನ್ನು ಮಾತ್ರ.

ಮೈಸೂರಿನಲ್ಲಿ ಯಾರಾದರೂ ಹೊಸ ಕಾರು ತಂದರೆ ಪೂಜೆಯ ನಿಂಬೆಹಣ್ಣು ಚಕ್ರದಡಿ ಹಿಂಡಿಹೋಗುವಷ್ಟರಲ್ಲಿ ಯಾರೋ ಒಬ್ಬರು ಕೇಳುತ್ತಾರೆ: ‘ಎಷ್ಟು ಹೊಡೀತದೆ?’ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ಜಾಹೀರಾತಿನಲ್ಲಿ ಎಂಜಿನ್ನಿನ ಶಕ್ತಿ ದೊಡ್ಡ ಅಕ್ಷರದಲ್ಲಿರುತ್ತದೆ. ನೂರರಿಂದ ಸೊನ್ನೆಗೆ ಇಳಿಯಲು ಎಷ್ಟು ಮೀಟರ್ ಬೇಕು ಎಂಬುದು ಸಣ್ಣ ಅಕ್ಷರದಲ್ಲೂ ಇರುವುದಿಲ್ಲ. ಎಂಜಿನ್ನಿನ ಬಲಕ್ಕೆ ಕನ್ನಡದಲ್ಲಿ ‘ಅಶ್ವಶಕ್ತಿ’ ಎಂಬ ಚಂದದ ಪದವಿದೆ. ಅರಮನೆಯ ಸುತ್ತ ಈಗಲೂ ಟಾಂಗಾ ಓಡಿಸುವವರನ್ನು ಕೇಳಿ ನೋಡಿ. ಕುದುರೆಯ ಬಲಕ್ಕಿಂತ ಮೊದಲು ಅವರು ಲಾಳದ ಬಗ್ಗೆ, ಲಗಾಮಿನ ಬಗ್ಗೆ ಮಾತಾಡುತ್ತಾರೆ. ಕಾರಿನವರಿಗೆ ಅಶ್ವ ಮಾತ್ರ ಗೊತ್ತು.

ಎಂಜಿನ್ನಿನ ಲೆಕ್ಕದಿಂದಲೇ ಶುರು ಮಾಡೋಣ. ಎಂಜಿನ್ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಮತ್ತು ಇಂಧನವನ್ನು ಸುಡಬಲ್ಲದು ಎಂಬುದರ ಮೇಲೆ ಅದರ ಬಲ ನಿಂತಿದೆ. ಸಿಲಿಂಡರ್ ದೊಡ್ಡದು ಮಾಡಬಹುದು, ಹೆಚ್ಚು ಸಲ ತಿರುಗಿಸಬಹುದು, ಟರ್ಬೊ ಇಟ್ಟು ಗಾಳಿಯನ್ನು ಒತ್ತಿ ತುಂಬಬಹುದು. ಆದರೆ ನಮ್ಮ ರಸ್ತೆಯ ಮಾಮೂಲಿ ಹ್ಯಾಚ್‌ಬ್ಯಾಕ್ ಒಂದು ಸಮತಟ್ಟಾದ ದಾರಿಯಲ್ಲಿ ಗಂಟೆಗೆ 100 ಕಿ.ಮೀ. ವೇಗವನ್ನು ಹಾಗೇ ಉಳಿಸಿಕೊಂಡು ಹೋಗಲು ಬೇಕಾದದ್ದು ಸುಮಾರು 15ರಿಂದ 20 ಅಶ್ವಶಕ್ತಿ. ಉಳಿದದ್ದು ದಿಬ್ಬ ಹತ್ತುವುದಕ್ಕೆ, ಮುಂದಿನ ಗಾಡಿಯನ್ನು ಹಿಂದಿಕ್ಕುವುದಕ್ಕೆ. ಮತ್ತೆ ದೊಡ್ಡ ವೇಗಕ್ಕೆ ದೊಡ್ಡ ಎಂಜಿನ್ ಏಕೆ ಬೇಕು? ಗಾಳಿಯ ದೆಸೆಯಿಂದ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಆ ತಡೆಯನ್ನು ಆ ವೇಗದಲ್ಲಿ ನೂಕುತ್ತ ಹೋಗಲು ಬೇಕಾದ ಶಕ್ತಿ ಎಂಟರಷ್ಟಾಗುತ್ತದೆ. ನೂರರಲ್ಲಿ ಹತ್ತು ಅಶ್ವಶಕ್ತಿ ತಿನ್ನುವ ಗಾಳಿ ಇನ್ನೂರರಲ್ಲಿ ಎಂಬತ್ತು, ನಾನೂರರಲ್ಲಿ ಆರುನೂರ ನಲವತ್ತು ಅಶ್ವಶಕ್ತಿ ತಿನ್ನುತ್ತದೆ.

1998ರಲ್ಲಿ ಮ್ಯಾಕ್‌ಲಾರೆನ್ ಎಫ್1 ಎಂಬ ಕಾರು ಜರ್ಮನಿಯ ಪರೀಕ್ಷಾ ಪಥದಲ್ಲಿ ಗಂಟೆಗೆ 386 ಕಿ.ಮೀ. ಮುಟ್ಟಿತು. ಅದರ ಎಂಜಿನ್ 627 ಅಶ್ವಶಕ್ತಿಯದು, ಕಾರಿನ ತೂಕ ಸುಮಾರು 1,140 ಕೆ.ಜಿ. 2005ರಲ್ಲಿ ಬುಗಾಟಿ ವೇರಾನ್ ಬಂತು. 8 ಲೀಟರಿನ ಎಂಜಿನ್, 16 ಸಿಲಿಂಡರ್, ನಾಲ್ಕು ಟರ್ಬೊ, 1,001 ಅಶ್ವಶಕ್ತಿ, ತೂಕ ಸುಮಾರು 1,900 ಕೆ.ಜಿ. ಅದರ ವೇಗ 407 ಕಿ.ಮೀ.ಗಿಂತ ತುಸು ಮೇಲೆ. ಅಂದರೆ ಬಲ ಶೇಕಡಾ 60ರಷ್ಟು ಏರಿತು, ವೇಗ ಏರಿದ್ದು ಶೇಕಡಾ 5ರಷ್ಟು. ಆ ಬಲ ಎಲ್ಲಿ ಹೋಯಿತು? ಒಂದು ಪಾಲು ಗಾಳಿಯ ಬಾಯಿಗೆ ಹೋಯಿತು. ಇನ್ನೊಂದು ಪಾಲು ಆ ಎಂಜಿನ್ನನ್ನು ತಣ್ಣಗಿಡಲು ಬೇಕಾದ ಹತ್ತು ರೇಡಿಯೇಟರುಗಳನ್ನೂ ಅಗಲವಾದ ಟೈರುಗಳನ್ನೂ ಹೊತ್ತು, ಅವುಗಳ ಮೂಲಕ ಗಾಳಿ ಹಾಯಿಸುವುದರಲ್ಲಿ ಹೋಯಿತು. ಜಗತ್ತಿನ ಅತ್ಯುತ್ತಮ ಎಂಜಿನಿಯರುಗಳಿಗೂ ಅಶ್ವಶಕ್ತಿ ಇಷ್ಟು ಕೆಟ್ಟ ವ್ಯಾಪಾರ. ನಮ್ಮ ಹುಡುಗರು ಅದನ್ನೇ ವೇಗದ ಇನ್ನೊಂದು ಹೆಸರು ಎಂದು ನಂಬಿಕೊಂಡಿದ್ದಾರೆ. ಹಾಗೆ ನಂಬಿಸಿದವರು ದೊಡ್ಡವರೇ.

ಗಾಳಿ ಬರೀ ತಡೆಯುವುದಿಲ್ಲ, ಎತ್ತುತ್ತದೆ ಕೂಡ. 1938ರ ಜನವರಿ 28ರಂದು ಫ್ರಾಂಕ್‌ಫರ್ಟಿನಿಂದ ಡಾರ್ಮ್‌ಸ್ಟಾಟ್‌ಗೆ ಹೋಗುವ ಹೆದ್ದಾರಿಯಲ್ಲಿ ರುಡಾಲ್ಫ್ ಕರಾಚಿಯೋಲ ಎಂಬಾತ ಮರ್ಸಿಡಿಸ್ ಕಾರಿನಲ್ಲಿ 432 ಕಿ.ಮೀ. ವೇಗದ ದಾಖಲೆ ಬರೆದ. ಅದೇ ದಿನ ಅದನ್ನು ಮುರಿಯಲು ಹೊರಟವನು ಬರ್ನ್ಡ್ ರೋಸ್‌ಮೇಯರ್, ಆ ಕಾಲದ ಅತ್ಯಂತ ಪ್ರತಿಭಾವಂತ ಚಾಲಕರಲ್ಲಿ ಒಬ್ಬ. ಮರಗಳ ಸಾಲು ಮುಗಿದು ಬಯಲು ಬಂದ ಕಡೆ ಅಡ್ಡಗಾಳಿ ಬೀಸಿ ಅವನ ಆಟೊ ಯೂನಿಯನ್ ಕಾರನ್ನು ಎತ್ತಿ ಎಸೆಯಿತು ಎಂಬುದು ಅಂದಿನಿಂದ ಬಂದಿರುವ ಪ್ರಬಲ ವಿವರಣೆ. ಅವನಿಗೆ ವಯಸ್ಸು 28. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಚಾಲಕನ ಧೈರ್ಯಕ್ಕೂ ಕೊರತೆಯಿರಲಿಲ್ಲ. ಗಾಳಿಗೆ ಅವೆರಡೂ ಲೆಕ್ಕವಿಲ್ಲ.

ರೇಸಿನ ಲೋಕ ಈ ಪಾಠವನ್ನು ಹೆಣಗಳನ್ನು ಎಣಿಸುತ್ತ ಕಲಿಯಿತು. ವಿಮಾನದ ರೆಕ್ಕೆಯನ್ನು ತಲೆಕೆಳಗು ಮಾಡಿ ಕಾರಿಗೆ ಕಟ್ಟಿದರು, ಗಾಳಿಯೇ ಕಾರನ್ನು ನೆಲಕ್ಕೆ ಒತ್ತುವಂತೆ ಮಾಡಿದರು. ಇಂದಿನ ಫಾರ್ಮುಲಾ ಒನ್ ಕಾರನ್ನು ಅದರ ಪೂರ್ತಿ ವೇಗದಲ್ಲಿ ಗಾಳಿ ತನ್ನದೇ ತೂಕಕ್ಕಿಂತ ಹೆಚ್ಚಿನ ಬಲದಲ್ಲಿ ಅದುಮುತ್ತದೆ. ಅದಕ್ಕೆ ಬೆಲೆಯೂ ಇದೆ. ರೆಕ್ಕೆ ದೊಡ್ಡದಾದಷ್ಟೂ ತಿರುವಿನಲ್ಲಿ ಹಿಡಿತ ಹೆಚ್ಚುತ್ತದೆ, ನೇರ ದಾರಿಯಲ್ಲಿ ವೇಗ ಕುಗ್ಗುತ್ತದೆ. ಅದಕ್ಕೇ ತಿರುವುಗಳೇ ತುಂಬಿದ ಮೊನಾಕೊದಲ್ಲಿ ದಪ್ಪ ರೆಕ್ಕೆ, ನೇರ ದಾರಿಗಳ ಮೊಂಜಾದಲ್ಲಿ ತೆಳು ರೆಕ್ಕೆ. ವೇಗದ ತಂತ್ರಜ್ಞಾನವೆಂದರೆ ಇಂಥ ಚೌಕಾಸಿ. ಇತ್ತ ನಮ್ಮ ರಿಂಗ್ ರಸ್ತೆಯಲ್ಲಿ ಮುಂದಿನ ಚಕ್ರದಿಂದ ಓಡುವ ಸಣ್ಣ ಕಾರುಗಳ ಬೆನ್ನಿಗೆ ಪ್ಲಾಸ್ಟಿಕ್ ರೆಕ್ಕೆ ಅಂಟಿಸಿಕೊಂಡು ಹೋಗುವುದನ್ನು ಕಾಣುತ್ತೇನೆ. ನಲವತ್ತು ಕಿಲೋಮೀಟರಿನಲ್ಲಿ ಆ ರೆಕ್ಕೆಗೆ ಮಾಡಲು ಇರುವ ಒಂದೇ ಕೆಲಸ ಎಂದರೆ ಬಟ್ಟೆ ಒಣಗಿಸಲು ಅನುಕೂಲವಾಗುವುದು.

ಇನ್ನು ಟೈರು. ಮೈಸೂರಿನವರಿಗೆ ಈ ವಿಷಯ ಹೇಳಬೇಕಾಗಿ ಬಂದದ್ದೇ ಒಂದು ಸೋಜಿಗ. ಕೆ.ಆರ್.ಎಸ್. ರಸ್ತೆಯಲ್ಲಿ ಮೇಟಗಳ್ಳಿ ದಾಟುವಾಗ ಮೂಗಿಗೆ ಬಡಿಯುತ್ತಿದ್ದ ರಬ್ಬರಿನ ವಾಸನೆ ಗೊತ್ತಿಲ್ಲದ ಹಳೆಯ ಮೈಸೂರಿಗರು ಕಡಿಮೆ. ವಿಕ್ರಾಂತ್ ಎಂದು ಶುರುವಾಗಿ 1997ರಲ್ಲಿ ಜೆ.ಕೆ. ಟೈರ್ ಕೈಗೆ ಹೋದ ಕಾರ್ಖಾನೆ ಅದು. ಟೈರಿನ ಸಂಶೋಧನಾ ಕೇಂದ್ರವೂ ಈ ಊರಿನಲ್ಲೇ ಇದೆ. ಹೀಗೆ ಟೈರು ಮಾಡುವ ಊರಿನಲ್ಲಿ ಟೈರನ್ನು ಓದಲು ಬರುವವರು ಎಷ್ಟು ಮಂದಿ?

ನಿಮ್ಮ ಕಾರಿನ ತೂಕ ಸುಮಾರು 1,200 ಕೆ.ಜಿ. ಎಂದುಕೊಳ್ಳಿ. ಟೈರಿನ ಗಾಳಿಯ ಒತ್ತಡದಿಂದ ಲೆಕ್ಕ ಹಾಕಿದರೆ ಒಂದೊಂದು ಟೈರು ನೆಲವನ್ನು ಮುಟ್ಟುವ ಜಾಗ ಒಂದು ಅಂಚೆ ಕಾರ್ಡಿನಷ್ಟು. ಅಂಥ ನಾಲ್ಕು ಕಾರ್ಡುಗಳ ಮೇಲೆ ಇಡೀ ಸಂಸಾರ ಬೆಂಗಳೂರಿಗೆ ಹೋಗುತ್ತದೆ. ಎಂಜಿನ್ನಿನ ಬಲ, ಬ್ರೇಕಿನ ಬಲ, ಸ್ಟಿಯರಿಂಗಿನ ಅಪ್ಪಣೆ ಇವೆಲ್ಲ ರಸ್ತೆಗೆ ತಲುಪುವುದು ಆ ನಾಲ್ಕು ಕಾರ್ಡುಗಳ ಮೂಲಕವೇ, ಬೇರೆ ದಾರಿ ಇಲ್ಲ. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಎಂದು ಕೇಳುತ್ತೇವಲ್ಲ, ಅದಕ್ಕೂ ಮಿತಿ ಟೈರೇ. ಟೈರಿನ ಹಿಡಿತ ಕಾರಿನ ತೂಕಕ್ಕೆ ಸಮನಾಗಿದ್ದರೆ ಎಂಥ ಎಂಜಿನ್ ಕೂರಿಸಿದರೂ ಆ ಕೆಲಸಕ್ಕೆ 2.8 ಸೆಕೆಂಡು ಬೇಕೇ ಬೇಕು. ಹೆಚ್ಚಿನ ಬಲ ಚಕ್ರವನ್ನು ನಿಂತಲ್ಲೇ ತಿರುಗಿಸಿ ಹೊಗೆ ಎಬ್ಬಿಸುತ್ತದೆ. ಈಗಿನ ವಿದ್ಯುತ್ ಕಾರುಗಳಲ್ಲಿ ಮೋಟಾರಿನ ಬಲ ಅಗ್ಗವಾಗಿ, ಮೊದಲ ಕ್ಷಣದಿಂದಲೇ ಸಿಗುತ್ತದೆ. ಜೊತೆಗೆ ಬ್ಯಾಟರಿಯ ತೂಕವೂ ಬರುತ್ತದೆ. ಅಂಚೆ ಕಾರ್ಡುಗಳು ಹೆಚ್ಚೆಂದರೆ ಸ್ವಲ್ಪ ಅಗಲವಾಗಿವೆ. ಸಂಖ್ಯೆ ಈಗಲೂ ನಾಲ್ಕೇ.

ತಿರುಗುವ ಟೈರನ್ನು ಅದರ ಸ್ವಂತ ವೇಗವೇ ಹರಿಯಲು ನೋಡುತ್ತದೆ. ನೂರು ಕಿ.ಮೀ. ವೇಗದಲ್ಲಿ ಟೈರಿನ ಹೊರ ಅಂಚಿನ ಒಂದು ಗ್ರಾಂ ರಬ್ಬರ್ ಸುಮಾರು 260 ಗ್ರಾಂ ತೂಕದ ಬಲದಲ್ಲಿ ಹೊರಕ್ಕೆ ಎಳೆಯುತ್ತದೆ. ಬುಗಾಟಿಯ ದೊಡ್ಡ ಚಕ್ರದಲ್ಲಿ, ನಾನೂರು ಕಿ.ಮೀ. ವೇಗದಲ್ಲಿ, ಅದೇ ಒಂದು ಗ್ರಾಂ ಮೂರೂವರೆ ಕೆ.ಜಿ.ಯಾಗುತ್ತದೆ. ವೇರಾನ್‌ನ ಸೂಪರ್ ಸ್ಪೋರ್ಟ್ ಮಾದರಿ 2010ರಲ್ಲಿ 431 ಕಿ.ಮೀ. ದಾಖಲೆ ಮಾಡಿತು. ಆದರೆ ಗಿರಾಕಿಗಳಿಗೆ ಮಾರಿದ ಕಾರುಗಳನ್ನು 415ಕ್ಕೆ ಕಟ್ಟಿಹಾಕಿದರು. ಎಂಜಿನ್ ತಯಾರಿತ್ತು, ಟೈರು ಒಪ್ಪಲಿಲ್ಲ. 2019ರಲ್ಲಿ ಅದೇ ಕಂಪನಿಯ ಶಿರಾನ್ 490 ಕಿ.ಮೀ. ಮುಟ್ಟುವ ಮೊದಲು ಅದಕ್ಕೆಂದೇ ಬಲಪಡಿಸಿದ ಟೈರುಗಳನ್ನು ಎಕ್ಸ್‌ರೇ ತೆಗೆದು ನೋಡಿ ಹಾಕಿದರು. 1997ರಲ್ಲಿ ಶಬ್ದದ ವೇಗವನ್ನೇ ಮೀರಿ 1,228 ಕಿ.ಮೀ. ಓಡಿದ ಥ್ರಸ್ಟ್ ಎಸ್‌ಎಸ್‌ಸಿಗೆ ರಬ್ಬರಿನ ಟೈರೇ ಇರಲಿಲ್ಲ. ಆ ವೇಗ ತಾಳುವ ರಬ್ಬರ್ ಇಲ್ಲದ್ದರಿಂದ ಗಟ್ಟಿ ಅಲ್ಯೂಮಿನಿಯಮ್ ಚಕ್ರ ಹಾಕಿದ್ದರು. ಜಗತ್ತಿನ ಅತಿ ವೇಗದ ಕಾರುಗಳ ಚರಿತ್ರೆ ಬರೆದರೆ ಅದರ ನಾಯಕ ಟೈರು.

ನಮ್ಮ ಕಾರಿನ ಟೈರಿನ ಬದಿಯಲ್ಲೂ ಈ ಚರಿತ್ರೆಯ ಒಂದು ಸಾಲು ಬರೆದಿದೆ. 185/65 ಆರ್ 15, ಆಮೇಲೆ 88 ಟಿ ಎಂದಿದ್ದರೆ ಆ ಕೊನೆಯ ಅಕ್ಷರವೇ ಅದರ ವೇಗದ ಮಿತಿ. ಎಸ್ ಎಂದರೆ 180, ಟಿ ಎಂದರೆ 190, ಎಚ್ ಎಂದರೆ 210, ವಿ ಎಂದರೆ 240. ಅದೂ ಹೊಸ ಟೈರಿಗೆ, ಸರಿಯಾದ ಗಾಳಿ ಇದ್ದಾಗ, ಹೊರಬೇಕಾದಷ್ಟೇ ಭಾರ ಹೊತ್ತಾಗ. ಇನ್ನೊಂದು ಕಡೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ಮಾಡಿದ ಟೈರು. ಗಾಡಿ ಓಡದೆ ನಿಂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಬಿಸಿಲಿಗೆ ಗಾಳಿ ಉಬ್ಬಿ ಟೈರು ಸಿಡಿಯುತ್ತದೆ, ಆದ್ದರಿಂದ ದೂರದ ಪ್ರಯಾಣಕ್ಕೆ ಮೊದಲು ಸ್ವಲ್ಪ ಗಾಳಿ ಇಳಿಸಬೇಕು ಎಂಬ ಪಂಡಿತರು ಪ್ರತಿ ಬೀದಿಯಲ್ಲೂ ಇದ್ದಾರೆ. ಸತ್ಯ ಅದಕ್ಕೆ ತೀರಾ ವಿರುದ್ಧ. ಗಾಳಿ ಕಡಿಮೆಯಾದ ಟೈರಿನ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ. ಬಾಗಿ ನೆಟ್ಟಗಾಗುವ ರಬ್ಬರ್ ಬಿಸಿಯಾಗುತ್ತದೆ, ಬಿಸಿಯಾದಂತೆ ಒಳಗಿನ ಪದರಗಳು ಬಿಟ್ಟುಕೊಳ್ಳುತ್ತವೆ. ನೂರರ ಮೇಲಿನ ವೇಗದಲ್ಲಿ ಒಂದು ಗಂಟೆ ಹೀಗೆ ಓಡಿದರೆ ಸಿಡಿಯದಿದ್ದರೆ ಆಶ್ಚರ್ಯ. ಆಗ ಪತ್ರಿಕೆ ಬರೆಯುತ್ತದೆ: ‘ಟೈರ್ ಸ್ಫೋಟಗೊಂಡು ನಿಯಂತ್ರಣ ತಪ್ಪಿ’. ನಿಯಂತ್ರಣ ತಪ್ಪಿದ್ದು ಗಾಳಿ ಇಳಿಸಿದ ಬೆಳಿಗ್ಗೆಯೇ.

ಮೂರನೆಯದು ಬ್ರೇಕು. ಚಲನಶಕ್ತಿಯ ಸೂತ್ರ ಬರೆಯದೆ ನಮ್ಮಲ್ಲಿ ಯಾರೂ ಎಸ್ಸೆಸ್ಸೆಲ್ಸಿ ದಾಟಿಲ್ಲ. ಅರ್ಧ ಗುಣಿಸು ದ್ರವ್ಯರಾಶಿ ಗುಣಿಸು ವೇಗದ ವರ್ಗ. ಆ ‘ವರ್ಗ’ ಎಂಬ ಪದಕ್ಕೆ ಎರಡು ಅಂಕ ಪಡೆದು ಮರೆತೆವು. 1,200 ಕೆ.ಜಿ.ಯ ಕಾರು ನೂರು ಕಿ.ಮೀ. ವೇಗದಲ್ಲಿ ಹೊತ್ತಿರುವ ಶಕ್ತಿ ಸುಮಾರು ಒಂದೂವರೆ ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ಬ್ರೇಕ್ ಒತ್ತಿದಾಗ ಆ ಶಾಖವನ್ನೆಲ್ಲ ಕೆಲವೇ ಸೆಕೆಂಡುಗಳಲ್ಲಿ ನಾಲ್ಕು ಲೋಹದ ತಟ್ಟೆಗಳು ನುಂಗಬೇಕು. 140ಕ್ಕೆ ಹೋದರೆ ವೇಗ ಶೇಕಡಾ 40ರಷ್ಟು ಹೆಚ್ಚುತ್ತದೆ, ನುಂಗಬೇಕಾದ ಶಾಖ ಸುಮಾರು ಎರಡರಷ್ಟಾಗುತ್ತದೆ. ವೇರಾನ್ ಮಾಡಿದವರು ಇಂಗಾಲ ಬೆರೆತ ಪಿಂಗಾಣಿಯ ಬ್ರೇಕ್ ತಟ್ಟೆಗಳನ್ನು ಹಾಕಿ, ಅವು ಸಾಲದೆಂದು ಬ್ರೇಕ್ ಒತ್ತಿದೊಡನೆ ಹಿಂದಿನ ರೆಕ್ಕೆ ಎದ್ದು ನಿಂತು ಗಾಳಿಯನ್ನು ತಡೆಯುವಂತೆ ಮಾಡಿದ್ದು ಷೋಕಿಗಲ್ಲ.

ಇನ್ನೊಂದು ಲೆಕ್ಕವನ್ನು ಓದುಗರು ಕಾಗದದ ಮೇಲೆ ತಾವೇ ಮಾಡಿ ನೋಡಬೇಕೆಂದು ನನ್ನ ಆಸೆ. ಅಕ್ಕಪಕ್ಕದ ಲೇನುಗಳಲ್ಲಿ ಎರಡು ಕಾರುಗಳು. ಒಂದರ ವೇಗ 100, ಇನ್ನೊಂದರದು 140. ಒಣ ರಸ್ತೆ, ಒಳ್ಳೆಯ ಟೈರು. ಇಬ್ಬರಿಗೂ ಒಂದೇ ಜಾಗದಲ್ಲಿ ಅಡ್ಡ ನಿಂತ ಲಾರಿ ಕಾಣುತ್ತದೆ. ಇಬ್ಬರ ಕಾಲೂ ಒಂದೇ ಸೆಕೆಂಡಿನಲ್ಲಿ ಬ್ರೇಕ್ ಒತ್ತುತ್ತದೆ. ಮೊದಲನೆಯ ಕಾರು ಸುಮಾರು 77 ಮೀಟರಿನಲ್ಲಿ ನಿಲ್ಲುತ್ತದೆ. ಅದು ಪೂರ್ತಿ ನಿಂತ ಆ ಜಾಗವನ್ನು ದಾಟುವಾಗ ಎರಡನೆಯ ಕಾರಿನ ವೇಗ ಎಷ್ಟಿರುತ್ತದೆ? ನಾನು ಕೇಳಿದವರಲ್ಲಿ ಹೆಚ್ಚಿನವರು 40 ಎಂದರು. ಎರಡು ವೇಗಗಳ ವ್ಯತ್ಯಾಸ ಅಷ್ಟೇ ತಾನೆ ಎಂಬ ತರ್ಕ. ಉತ್ತರ ಸುಮಾರು 109. ಒಬ್ಬ ಬೆವರು ಒರೆಸಿಕೊಳ್ಳುವ ಜಾಗದಲ್ಲಿ ಇನ್ನೊಬ್ಬ ನೂರ ಒಂಬತ್ತರಲ್ಲಿ ಲಾರಿಗೆ ಬಡಿಯುತ್ತಾನೆ. ಹೀಗೆ ಓಡಿ ಉಳಿಸುವುದೆಷ್ಟು? 118 ಕಿ.ಮೀ. ದಾರಿಯನ್ನು ಎಲ್ಲೂ ನಿಲ್ಲದೆ 140ರಲ್ಲಿ ಓಡಿದರೆ, 100ರಲ್ಲಿ ಓಡಿದವನಿಗಿಂತ 20 ನಿಮಿಷ ಮೊದಲು ಮುಟ್ಟಬಹುದು. ಆ ಇಪ್ಪತ್ತು ನಿಮಿಷವನ್ನು ಕೆಂಗೇರಿಯ ಟ್ರಾಫಿಕ್ ಒಂದೇ ಗುಟುಕಿಗೆ ಕುಡಿದುಬಿಡುತ್ತದೆ.

ವೇಗದ ಮಾತಿಗೆ ಸದ್ದಿನ ಮಾತೂ ಅಂಟಿಕೊಂಡಿದೆ. ಸೈಲೆನ್ಸರ್ ಕತ್ತರಿಸಿದ ಗಾಡಿಯೇ ಗಂಡು ಗಾಡಿ ಎಂಬ ನಂಬಿಕೆ ನಮ್ಮ ಊರಿಗೆ ಹೊಸದಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಹೊರಟ ಜಾವಾ, ಆಮೇಲಿನ ಯಜ್ಡಿ, ಕಾರ್ಖಾನೆ 1996ರಲ್ಲಿ ಮುಚ್ಚುವ ತನಕ ಮೈಸೂರಿನ ಸದ್ದಾಗಿದ್ದವು. ಅವು ಟೂ ಸ್ಟ್ರೋಕ್ ಗಾಡಿಗಳು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆಕೊಳವೆ ಸದ್ದು ಅಡಗಿಸುವ ಡಬ್ಬ ಮಾತ್ರ ಅಲ್ಲ. ಹೊರಗೆ ನುಗ್ಗಿದ ಒತ್ತಡದ ಅಲೆ ಕೊಳವೆಯೊಳಗೆ ಬಡಿದು ಹಿಂತಿರುಗಿ, ತಪ್ಪಿಸಿಕೊಂಡು ಹೋಗುತ್ತಿರುವ ಹೊಸ ಇಂಧನವನ್ನು ಮತ್ತೆ ಸಿಲಿಂಡರಿಗೆ ನೂಕುತ್ತದೆ. ಕೊಳವೆಯ ಉದ್ದ, ಆಕಾರ ಎಲ್ಲವೂ ಆ ಅಲೆಯ ಲೆಕ್ಕಕ್ಕೆ ತಕ್ಕಂತಿರಬೇಕು. ಲೆಕ್ಕವಿಲ್ಲದೆ ಅದನ್ನು ಕತ್ತರಿಸಿದವನಿಗೆ ಸದ್ದು ಸಿಗುತ್ತದೆ, ಬಲ ಸೋರುತ್ತದೆ. ಇಂದು ಕಾರಿನ ಸೈಲೆನ್ಸರ್ ಬದಲಿಸಿ ರಾತ್ರಿ ಹನ್ನೊಂದಕ್ಕೆ ಬಡಾವಣೆಯನ್ನೆಲ್ಲ ಎಬ್ಬಿಸುವವರೂ ಅದೇ ವಂಶದವರು.

ಈಗ ಎದುರು ವಾದಗಳಿಗೆ ಬರುತ್ತೇನೆ. ಮೊದಲನೆಯದು: ತಪ್ಪು ರಸ್ತೆಯದು. ಇದರಲ್ಲಿ ಸತ್ಯವಿದೆ. 2023ರ ಮಾರ್ಚ್ 12ರಂದು ಪ್ರಧಾನಿ ಉದ್ಘಾಟಿಸಿದ, ಸುಮಾರು 8,480 ಕೋಟಿ ರೂಪಾಯಿಯ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಒಳಬರುವ, ಹೊರಹೋಗುವ ದಾರಿಗಳ ಬಗ್ಗೆ, ನೀರು ನಿಲ್ಲುವುದರ ಬಗ್ಗೆ, ಹಳ್ಳಿಯ ಜನ ದಾಟಲು ಮೇಲ್ಸೇತುವೆ ಇಲ್ಲದ್ದರ ಬಗ್ಗೆ ದೂರುಗಳು ಮೊದಲ ದಿನದಿಂದ ಇದ್ದವು. ಅವು ನ್ಯಾಯವಾದ ದೂರುಗಳು. ರಸ್ತೆ ಕಟ್ಟಿದವರು ಉತ್ತರ ಹೇಳಲೇಬೇಕು. ಆದರೆ ಆ ವರ್ಷದ ಜುಲೈಯಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಸಾವುಗಳು ಮಿತಿ ಮೀರಿದ ಮೇಲೆ ಪೊಲೀಸರು ವೇಗ ಅಳೆಯುವ ಗನ್ ಹಿಡಿದು ನಿಂತರು, ನೂರು ದಾಟಿದವರಿಗೆ ದಂಡ ಹಾಕಿದರು. ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ದೂರ ಇಟ್ಟದ್ದು ಅದರ ಮುಂದಿನ ತಿಂಗಳು, ಆಗಸ್ಟ್ 1ರಿಂದ. ಸಾವಿನ ಸಂಖ್ಯೆ ಇಳಿದದ್ದು ಜುಲೈಯಲ್ಲೇ. ಜೂನ್‌ನಿಂದ ಜುಲೈಗೆ ರಸ್ತೆ ಅದೇ, ಕಾರುಗಳು ಅವೇ, ಚಾಲಕರೂ ಅವರೇ. ಬದಲಾದದ್ದು ಮುಖ್ಯವಾಗಿ ವೇಗ. ಆಮೇಲೆ ಸ್ವಯಂಚಾಲಿತ ಕ್ಯಾಮೆರಾಗಳು ಬಂದವು. ಕ್ಯಾಮೆರಾ ಕಂಡಾಗ ಬ್ರೇಕ್ ಒತ್ತಿ, ದಾಟಿದ ಮೇಲೆ ಹಿಂದಿನ ವೇಗಕ್ಕೆ ಮರಳುವ ವಿದ್ಯೆಯನ್ನೂ ನಮ್ಮ ಜನ ಕಲಿತರು.

ಎರಡನೆಯ ವಾದ: ಜರ್ಮನಿಯ ಆಟೊಬಾನ್‌ನಲ್ಲಿ ವೇಗಕ್ಕೆ ಮಿತಿಯೇ ಇಲ್ಲವಲ್ಲ? ಇದನ್ನು ಹೇಳುವವರು ಅರ್ಧ ಜರ್ಮನಿಯನ್ನು ಮಾತ್ರ ತಂದಿದ್ದಾರೆ. ಅಲ್ಲಿ ಮಿತಿ ಇರುವ ಭಾಗಗಳೂ ಬೇಕಾದಷ್ಟಿವೆ. ಇಲ್ಲದ ಕಡೆ 130 ಎಂಬ ಸಲಹೆಯ ವೇಗವಿದೆ. ಕಾರು ಕೊಂಡ ಮೂರು ವರ್ಷಕ್ಕೆ ಒಮ್ಮೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ಬ್ರೇಕು, ಟೈರು, ಸ್ಟಿಯರಿಂಗುಗಳ ಕಡ್ಡಾಯ ತಪಾಸಣೆ ಇದೆ. ತೇರ್ಗಡೆಯಾಗದ ಕಾರನ್ನು ರಿಪೇರಿ ಮಾಡಿಸಿ ಮತ್ತೆ ತೋರಿಸಬೇಕು. ನಮ್ಮಲ್ಲಿ ಸ್ವಂತ ಕಾರಿಗೆ ಹದಿನೈದು ವರ್ಷಗಳ ತನಕ ಹೊಗೆಯ ಚೀಟಿ ಬಿಟ್ಟರೆ ಯಾರೂ ಏನೂ ಕೇಳುವುದಿಲ್ಲ. ಅವರ ವೇಗ ಬೇಕು, ಅವರ ತಪಾಸಣೆ ಬೇಡ ಎಂಬುದು ಕುದುರೆ ಬೇಕು, ಲಾಳ ಬೇಡ ಎಂದ ಹಾಗೆ.

ಮೂರನೆಯವರು ನನಗೆ ಬೆಂಬಲ ಕೊಡುವಂತೆ ಕಾಣುವವರು. ಅವರ ಮೇಲೆ ನನ್ನ ಸಿಟ್ಟು ಇನ್ನೂ ಹೆಚ್ಚು. ವೇಗವೇ ಪಾಪ, ಯಂತ್ರವೇ ರಾಕ್ಷಸ, ಹಿಂದೆ ಎತ್ತಿನಗಾಡಿಯಲ್ಲಿ ನೆಮ್ಮದಿಯಿತ್ತು ಎಂದು ನಮ್ಮ ಸಾಹಿತ್ಯದ ಜನ ನಿಟ್ಟುಸಿರು ಬಿಡುತ್ತಾರೆ. ರಸ್ತೆ ಬದಿಯ ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಫಲಕವೂ ಇದೇ ಉಪದೇಶದ ಸಣ್ಣ ರೂಪ. ಉಪದೇಶಕ್ಕೆ ಹೆದರುವ ವಯಸ್ಸಿನವರು ಸ್ಟಿಯರಿಂಗಿನ ಹಿಂದೆ ಇಲ್ಲ. ವೇಗದಲ್ಲಿ ಚೆಲುವಿದೆ, ಅದನ್ನು ಒಪ್ಪಿಕೊಳ್ಳೋಣ. ಗಾಳಿಯನ್ನು, ರಬ್ಬರನ್ನು, ಶಾಖವನ್ನು ಒಂದೊಂದಾಗಿ ಒಲಿಸಿಕೊಂಡು ನಾನೂರು ಕಿ.ಮೀ. ಮುಟ್ಟುವ ಕಾರು ಮನುಷ್ಯನ ಬುದ್ಧಿಯ ದೊಡ್ಡ ಕೆಲಸಗಳಲ್ಲಿ ಒಂದು. ಹುಡುಗರಿಗೆ ಅದರ ಮೇಲೆ ಮೋಹ ಹುಟ್ಟುವುದು ಸಹಜ. ಆ ಮೋಹಕ್ಕೆ ತಿಳಿವಳಿಕೆಯ ಆಹಾರ ಕೊಡದೆ ನೀತಿಯ ಗುಳಿಗೆ ನುಂಗಿಸಿದ್ದು ನಮ್ಮ ಸೋಮಾರಿತನ. ಜೆ.ಆರ್. ಲಕ್ಷ್ಮಣರಾಯರು, ಜಿ.ಟಿ. ನಾರಾಯಣರಾಯರು ಪರಮಾಣುವಿನಿಂದ ನಕ್ಷತ್ರದವರೆಗೆ ಎಲ್ಲವನ್ನೂ ಕನ್ನಡದಲ್ಲಿ ತಿಳಿಸಿಕೊಟ್ಟ ಊರು ಇದು. ಇಲ್ಲಿ ಕುಳಿತು ಒಂದು ಟೈರಿನ ಬಗ್ಗೆ ಬರೆಯಲು ಕನ್ನಡಕ್ಕೆ ಶಕ್ತಿ ಇಲ್ಲ ಎನ್ನಲು ಯಾರಿಗೂ ಬಾಯಿಲ್ಲ. ಯೂಟ್ಯೂಬಿನಲ್ಲಿ ಕನ್ನಡದಲ್ಲೇ ಕಾರು ಪರಿಚಯಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಪಿಕಪ್ಪು, ಸನ್‌ರೂಫು, ಮ್ಯೂಸಿಕ್ ಸಿಸ್ಟಮ್ಮುಗಳ ನಡುವೆ ‘ಇದು ಇಷ್ಟು ಮೀಟರಿನಲ್ಲಿ ನಿಲ್ಲುತ್ತದೆ’ ಎಂಬ ಒಂದು ವಾಕ್ಯಕ್ಕೆ ಅವರಲ್ಲಿ ಜಾಗವಿಲ್ಲ.

ನಾನು ಕೇಳುವುದು ದೊಡ್ಡ ಸುಧಾರಣೆಯನ್ನಲ್ಲ. ಕಾರಿನ ಜಾಹೀರಾತಿನಲ್ಲಿ ಅಶ್ವಶಕ್ತಿ ಎಷ್ಟು ದೊಡ್ಡ ಅಕ್ಷರದಲ್ಲಿದೆಯೋ ಅಷ್ಟೇ ದೊಡ್ಡ ಅಕ್ಷರದಲ್ಲಿ ನಿಲ್ಲುವ ದೂರವನ್ನೂ ಹಾಕುವಂತೆ ಸರ್ಕಾರ ಕಡ್ಡಾಯ ಮಾಡಲಿ. ಗಣಂಗೂರು ಟೋಲಿನಲ್ಲಿ ಹಣ ಎಣಿಸುವಷ್ಟೇ ಶ್ರದ್ಧೆಯಿಂದ ಟೈರಿನ ಗಾಳಿಯನ್ನೂ ಆ ನಾಲ್ಕು ಅಂಕಿಗಳನ್ನೂ ನೋಡುವ ಒಂದು ವ್ಯವಸ್ಥೆ ಇರಲಿ. ಪಿಯುಸಿ ಭೌತಶಾಸ್ತ್ರದ ಮೇಷ್ಟ್ರು ಮೇಲಿನ ಎರಡು ಕಾರುಗಳ ಲೆಕ್ಕವನ್ನು ಬೋರ್ಡಿನ ಮೇಲೆ ಒಮ್ಮೆ ಮಾಡಿ ತೋರಿಸಲಿ. ಅದಕ್ಕೆ ಹತ್ತು ನಿಮಿಷ ಸಾಕು. ಡ್ರೈವಿಂಗ್ ಶಾಲೆಗಳು ಎಂಟು ಬರೆಯಿಸುವುದರ ಜೊತೆಗೆ, ಪೂರ್ತಿ ಬ್ರೇಕ್ ಒತ್ತಿದಾಗ ಕಾರು ಹೇಗೆ ವರ್ತಿಸುತ್ತದೆ ಎಂಬುದನ್ನೂ ಖಾಲಿ ಮೈದಾನದಲ್ಲಿ ಒಂದು ಸಲ ಅನುಭವಕ್ಕೆ ತರಲಿ.

ಬರೆಯುವವರಲ್ಲಿ ಒಂದು ಬೇಡಿಕೆ, ಅದರಲ್ಲೂ ಮುಂದೆ ಪತ್ರಿಕೆಗಳಿಗೆ ಹೋಗಲಿರುವ ವಿದ್ಯಾರ್ಥಿಗಳಲ್ಲಿ. ಇನ್ನೊಂದು ಅಪಘಾತದ ಸುದ್ದಿ ನಿಮ್ಮ ಮೇಜಿಗೆ ಬಂದಾಗ ಪೊಲೀಸ್ ಠಾಣೆಗೆ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ. ವೇಗ ಎಷ್ಟಿತ್ತೆಂದು ಅಂದಾಜಿಸಿದ್ದಾರೆ? ಟೈರು ಯಾವ ಇಸವಿಯದು? ರಸ್ತೆಯ ಮೇಲೆ ಬ್ರೇಕಿನ ಗುರುತು ಎಷ್ಟು ಮೀಟರ್ ಇದೆ? ಹಿಂದೆ ಕುಳಿತವರು ಬೆಲ್ಟ್ ಹಾಕಿದ್ದರೇ? ಉತ್ತರ ಸಿಕ್ಕಿದರೆ ಬರೆಯಿರಿ. ಸಿಗದಿದ್ದರೆ ‘ಪೊಲೀಸರು ಇದನ್ನು ದಾಖಲಿಸಿಲ್ಲ’ ಎಂದು ಬರೆಯಿರಿ, ಅದೂ ಸುದ್ದಿಯೇ. ‘ನಿಯಂತ್ರಣ ತಪ್ಪಿ’ ಎಂದು ಮಾತ್ರ ಬರೆಯಬೇಡಿ.